ನಾನು ಸೊನ್ನೆ ಕೊಟ್ಟ ಕೂಲಂಬ್ ಗೇಜ್

೨೦೦೩ರಲ್ಲಿ ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಎಂ.ಎಸ್ಸಿ. ಭೌತಶಾಸ್ತ್ರಕ್ಕೆ ನಾನು ಅತಿಥಿ ಉಪನ್ಯಾಸಕ. ಅನುಭವ ಎರಡು ತಿಂಗಳಿನದು, ಗತ್ತು ಮಾತ್ರ ನಿವೃತ್ತಿಗೆ ಬಂದವನದು. ಪಾಠಕ್ಕಿಂತ ಚೆನ್ನಾಗಿ ಬರುತ್ತಿದ್ದುದು ಮಿಮಿಕ್ರಿ. ನನಗೂ ಪಾಠ ಹೇಳಿದ್ದ ವಿಭಾಗದ ಮುಖ್ಯಸ್ಥ ರುದ್ರಪ್ಪ ಮೇಷ್ಟ್ರಂತೆ ಕೆಮ್ಮುವುದರಲ್ಲಿ ಅವರನ್ನೇ ಮೀರಿಸಿದ್ದೆ.

ಕ್ವಾಂಟಮ್ ಎಲೆಕ್ಟ್ರೋಡೈನಾಮಿಕ್ಸ್‌ನ ಕೊನೆಯ ಕಿರುಪರೀಕ್ಷೆ. ಇದರಲ್ಲಿ ಫೇಲಾದವರು ಮುಖ್ಯ ಪರೀಕ್ಷೆಗೆ ಕೂರುವಂತಿರಲಿಲ್ಲ. ವೆಕ್ಟರ್ ಪೊಟೆನ್ಷಿಯಲ್ ಮತ್ತು ವಿದ್ಯುತ್ ಕ್ಷೇತ್ರ ಎಂಬ ಎರಡು ಫೀಲ್ಡ್ ಆಪರೇಟರ್‌ಗಳ ಕಮ್ಯುಟೇಟರ್, ಅಂದರೆ ಅವನ್ನು ಹಿಂದುಮುಂದಾಗಿ ಗುಣಿಸಿದಾಗ ಬರುವ ವ್ಯತ್ಯಾಸ, ಬರೆಯಬೇಕಿತ್ತು. ನನ್ನ ನೋಟ್ಸ್‌ನಲ್ಲಿ ಉತ್ತರ ಒಂದೇ ಗಣಿತಪದ. ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಶೋಭಾ ಇನ್ನೊಂದು ಪದ ಸೇರಿಸಿದ್ದಳು. ಸೊನ್ನೆ ಕೊಟ್ಟೆ, ಫೇಲಾದಳು. ಪೇಪರ್ ಹಂಚುವಾಗ ಅವಳ ಮೆಲುದನಿಯನ್ನೂ ಅಣಕಿಸಿದೆ. ತರಗತಿ ನಕ್ಕಿತು.

ಶೋಭಾ ನಗಲಿಲ್ಲ. “ಸಾರ್, ನಂದು ಕೂಲಂಬ್ ಗೇಜು, ನಿಮ್ದು ಲೊರೆಂಟ್ಸ್ ಗೇಜು. ಯಾವುದ್ರಲ್ಲಿ ಮಾಡ್ಬೇಕು ಅಂತ ನೀವು ಹೇಳೇ ಇಲ್ವಲ್ಲ?”

ಎತ್ತರವನ್ನು ಸಮುದ್ರಮಟ್ಟದಿಂದ ಅಳೆದರೂ ಬಸ್ ಸ್ಟ್ಯಾಂಡ್ ಮೆಟ್ಟಿಲಿನಿಂದ ಅಳೆದರೂ ನಮ್ಮೂರಿನ ವಿದ್ಯಾನಗರಕ್ಕೂ ಮಲವಗೊಪ್ಪಕ್ಕೂ ಇರುವ ಎತ್ತರದ ವ್ಯತ್ಯಾಸ ಬದಲಾಗದು. ಗೇಜ್ ಅಂದರೆ ಪೊಟೆನ್ಷಿಯಲ್ಲಿಗೆ ನಾವೇ ಆಯ್ದುಕೊಳ್ಳುವ ಇಂಥದೊಂದು ಕಟ್ಟುಪಾಡು; ಅದನ್ನು ಬದಲಿಸಿದರೂ ಹೆಚ್ಚುಕಡಿಮೆ ಹಾಗೆ: ಪೊಟೆನ್ಷಿಯಲ್ ಬದಲಾಗುತ್ತದೆ, ಅಳೆಯಲು ಸಿಗುವ ಕ್ಷೇತ್ರಗಳು ಬದಲಾಗುವುದಿಲ್ಲ. ಇದನ್ನು ಹಿಂದಿನ ವಾರ ನಾನೇ ಕೈಕುಣಿಸಿ ಪಾಠ ಮಾಡಿದ್ದೆ!

“ಎರಡಕ್ಕೂ ಕರ್ಲ್ ತಗೊಂಡು ಕಾಂತಕ್ಷೇತ್ರಕ್ಕೆ ಬನ್ನಿ ಸಾರ್,” ಎಂದಳು. ಕರ್ಲ್ ಅಂದರೆ ವೆಕ್ಟರ್ ಪೊಟೆನ್ಷಿಯಲ್‌ನ ಸುಳಿಯನ್ನು ಲೆಕ್ಕಹಾಕಿ ಕಾಂತಕ್ಷೇತ್ರ ಪಡೆಯುವ ಕ್ರಮ.

ಗದ್ದಲ ಕೇಳಿ ಬಂದಿದ್ದ ಮೇಷ್ಟ್ರು ಬಾಗಿಲಲ್ಲೇ ನಿಂತು, “ಹುಡುಗಿ ಹೇಳ್ತಿದಾಳಲ್ಲ ಮಾರಾಯ, ಮಾಡು,” ಎಂದರು.

ಮಾಡಿದೆ. ನಾಲ್ಕನೇ ಸಾಲಿನಲ್ಲಿ ಅವಳ ಹೆಚ್ಚುವರಿ ಪದ ಸೊನ್ನೆಯಾಗಿ, ಎರಡು ಉತ್ತರಗಳೂ ಒಂದೇ ಆದವು. ಈ ಸಲ ತರಗತಿ ನಕ್ಕಿದ್ದು ನನ್ನನ್ನು ನೋಡಿ.

“ತಪ್ಪು ನಂದು ಶೋಭಾ. ಅಣಕಿಸಿದ್ದೂ ತಪ್ಪು,” ಎಂದೆ.

“ಮಾರ್ಕ್ಸ್ ಲಿಸ್ಟ್ ಇನ್ನೂ ಆಫೀಸಿಗೆ ಹೋಗಿಲ್ಲ, ತಿದ್ದು. ಮಿಕ್ಕವರ ಪೇಪರೂ ನೋಡು,” ಎಂದರು ಮೇಷ್ಟ್ರು.

ನೋಡಿದೆ. ಇನ್ನೊಂದು ಪ್ರಶ್ನೆಗೆ ನನ್ನ ನೋಟ್ಸ್‌ನಲ್ಲಿದ್ದ ಒಂದು ಮೈನಸ್ ಚಿಹ್ನೆಯ ತಪ್ಪನ್ನೂ ಭಕ್ತಿಯಿಂದ ನಕಲು ಮಾಡಿದ್ದವನೊಬ್ಬನಿಗೆ ಪೂರ್ತಿ ಅಂಕ ಕೊಟ್ಟಿದ್ದೆ!

ಶೋಭಾ ಪರೀಕ್ಷೆಗೆ ಕೂತಳು, ಪಾಸಾದಳು. ಅಂದು ಅವಳು ಸುಮ್ಮನಿದ್ದಿದ್ದರೆ ಅವಳ ಒಂದು ವರ್ಷ ನನ್ನಿಂದ ಹಾಳಾಗುತ್ತಿತ್ತು, ನನಗೆ ಅದು ಗೊತ್ತೂ ಆಗುತ್ತಿರಲಿಲ್ಲ. ಆಮೇಲೆ ನಾನು ತೆಗೆದ ಪ್ರತಿ ಪ್ರಶ್ನೆಪತ್ರಿಕೆಯಲ್ಲೂ ಒಂದು ಸಾಲಿದೆ: ‘ನೀವು ಆಯ್ದುಕೊಂಡ ಗೇಜ್ ಯಾವುದೆಂದು ತಿಳಿಸಿ.’ ಆ ಸಾಲು ನನ್ನದಲ್ಲ, ಶೋಭಾಳದು.