ಅಜ್ಜಿಗೆ ತಮಿಳು ಮರೆತುಹೋದ ವರ್ಷ

ನಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ಓಮಲೂರಿನಿಂದ ಸೇಲಂಗೆ ಹೋಗುವ ಟೌನ್ ಬಸ್ಸಿನಲ್ಲಿ ಒಂದು ಸಲವೂ ಸುಮ್ಮನೆ ಕೂತು ಹೋದವಳಲ್ಲ. ಪಕ್ಕದಲ್ಲಿ ಕೂತವಳ ಊರು ಯಾವುದು, ಗಂಡನಿಗೆ ಏನು ಕೆಲಸ, ಮಕ್ಕಳೆಷ್ಟು, ಮಂಡಿನೋವಿಗೆ ಏನು ಹಚ್ಚುತ್ತಾಳೆ, ಇಷ್ಟೂ ತಿಳಿಯುವ ಹೊತ್ತಿಗೆ ಸೇಲಂ ಬಂದಿರುತ್ತಿತ್ತು. ಇಬ್ಬರೂ ಕೈಕೈ ಹಿಡಿದುಕೊಂಡು ಇಳಿಯುತ್ತಿದ್ದರು. ಹಿಂದಿನಿಂದ ಚೀಲ ಹೊತ್ತು ನಾನು ಇಳಿಯುತ್ತಿದ್ದೆ.

ನಮ್ಮದು ಓಮಲೂರಿಗೆ ಹತ್ತಿರದ ಹಳ್ಳಿ. ಮರಗೆಣಸು, ಕಡಲೆಕಾಯಿ, ಬಾವಿಯ ಪಕ್ಕ ಒಂದಿಷ್ಟು ಮಲ್ಲಿಗೆ, ಇದು ನಮ್ಮ ಬೇಸಾಯ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಬೀದಿಯಲ್ಲಿ ಕನ್ನಡದ ಮನೆ ನಮ್ಮದೊಂದೇ. ಅಜ್ಜಿ ಮದುವೆಯಾಗಿ ಬಂದದ್ದು ಮೆಟ್ಟೂರು ಕಡೆಯ ಕನ್ನಡದವರ ಊರಿನಿಂದ. ಬಂದಾಗ ಅವಳಿಗೆ ತಮಿಳಿನಲ್ಲಿ ನೀರು ಕೇಳಲೂ ಬರುತ್ತಿರಲಿಲ್ಲವಂತೆ. ಬಾವಿಕಟ್ಟೆಯಲ್ಲಿ ನಿಂತು, ಬೀದಿಯ ಹೆಂಗಸರ ಬಾಯಿ ನೋಡಿ ನೋಡಿ ಆರು ತಿಂಗಳಲ್ಲಿ ಕಲಿತುಬಿಟ್ಟಳಂತೆ. ಮಾತಾಡದೆ ಇರುವುದು ಅವಳಿಂದ ಆಗುವ ಕೆಲಸವಾಗಿರಲಿಲ್ಲ.

ನಾನು ಕಂಡಂತೆ ನಮ್ಮ ಮನೆಯ ಜಗಲಿ ಖಾಲಿ ಇದ್ದದ್ದೇ ಇಲ್ಲ. ಜವ್ವರಿಸಿ, ಅಂದರೆ ಸಬ್ಬಕ್ಕಿ, ಮಾಡುವ ಮಿಲ್ಲಿನಿಂದ ವಾಪಸ್ಸು ಬರುವ ಹೆಂಗಸರಿಗೆ ಅಲ್ಲಿ ಮಜ್ಜಿಗೆ. ಹಸಿ ಬಾಣಂತಿಯ ತಾಯಿಗೆ ಅಲ್ಲಿ ಸಲಹೆ. ಒಂದು ಸಲ ಜನಗಣತಿಗೆಂದು ಒಬ್ಬ ಟೀಚರಮ್ಮ ಬಿಸಿಲಿನಲ್ಲಿ ಬಂದಳು. ಅಜ್ಜಿ ಅವಳ ಕೈಯಿಂದ ಕಾಗದದ ಕಟ್ಟು ತೆಗೆದು ಪಕ್ಕಕ್ಕಿಟ್ಟು, ರಾಗಿ ಹಿಟ್ಟು ಅವರೆಕಾಳು ಸಾರು ಉಣ್ಣಿಸಿ, ಆಮೇಲೆ ಬರೆಯಲು ಬಿಟ್ಟಳು. ಟೀಚರಮ್ಮ ನಮ್ಮ ಲೆಕ್ಕ ಬರೆದುಕೊಂಡು ಹೋಗುವಷ್ಟರಲ್ಲಿ ಅಜ್ಜಿ ಅವಳ ಮನೆಯ ಕಥೆಯನ್ನೆಲ್ಲ ತಿಳಿದುಕೊಂಡಿದ್ದಳು. ಮಾರನೆಯ ವರ್ಷ ಧರ್ಮಪುರಿಯಿಂದ ಅವಳ ಮದುವೆಯ ಕಾರ್ಡು ಬಂತು. ಅಜ್ಜಿ ಹೋಗಿಯೂ ಬಂದಳು.

ಇಂಥ ಅಜ್ಜಿಯಿಂದ ನನಗೆ ಒಂದು ವಯಸ್ಸಿನಲ್ಲಿ ನಾಚಿಕೆಯಾಗುತ್ತಿತ್ತು. ಹತ್ತನೆಯ ಕ್ಲಾಸಿನಲ್ಲಿದ್ದಾಗ ಓಮಲೂರು ಬಸ್‌ಸ್ಟ್ಯಾಂಡಿನಲ್ಲಿ ನನ್ನ ಗೆಳತಿಯರ ನಡುವೆ ನಿಂತಿದ್ದೆ. ಅಜ್ಜಿ ಆಚೆ ಬದಿಯಿಂದ ಹೂವಿನ ಬುಟ್ಟಿ ಹಿಡಿದು, ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವ ಹಾಗೆ ನನ್ನನ್ನು ಕನ್ನಡದಲ್ಲಿ ಕೂಗಿದಳು. ಗೆಳತಿಯರು ನಕ್ಕರು. ಕೆಟ್ಟ ನಗೆಯೇನಲ್ಲ, ಆದರೂ ನನ್ನ ಮುಖ ಸುಟ್ಟಂತಾಯಿತು. ಅವಳಿಗೆ ತಮಿಳಿನಲ್ಲೇ ಉತ್ತರ ಕೊಟ್ಟೆ. ಸಂಜೆ ಮನೆಗೆ ಬಂದು, ಇನ್ನು ಮೇಲೆ ಹೊರಗಡೆ ನನ್ನ ಹತ್ತಿರ ಕನ್ನಡ ಮಾತಾಡಬೇಡ ಎಂದು ಹೇಳಿದೆ. ಅವಳು ನಕ್ಕು ಆಗಲಿ ಎಂದಳು. ಅಂದಿನಿಂದ ಹೊರಗಡೆ ನನ್ನೊಡನೆ ತಮಿಳೇ ಮಾತಾಡಿದಳು. ನಾನು ಮನೆಯೊಳಗೂ ತಮಿಳಿನಲ್ಲೇ ಉತ್ತರ ಕೊಡುವುದನ್ನು ರೂಢಿ ಮಾಡಿಕೊಂಡೆ. ಹೀಗೆ ಆರೇಳು ವರ್ಷ ಕಳೆಯಿತು.

ನಾನು ಸೇಲಂನಲ್ಲಿ ಬಿ.ಎಡ್. ಓದುತ್ತಿದ್ದ ವರ್ಷ, ಕಾರ್ತಿಕದ ಒಂದು ಬೆಳಿಗ್ಗೆ, ಅಜ್ಜಿ ಮಲ್ಲಿಗೆ ಬಿಡಿಸಲು ಹೋದವಳು ಗಿಡದ ಸಾಲಿನಲ್ಲೇ ಕುಸಿದಳು. ಬಲಗೈ, ಬಲಗಾಲು ಏಳುತ್ತಿರಲಿಲ್ಲ, ಬಾಯಿ ಒಂದು ಕಡೆಗೆ ವಾಲಿತ್ತು. ಅಪ್ಪ, ಅವ್ವ ಅವಳನ್ನು ಆಂಬುಲೆನ್ಸಿನಲ್ಲಿ ಸೇಲಂನ ಆಸ್ಪತ್ರೆಗೆ ತಂದರು. ನಾನು ಕಾಲೇಜಿನಿಂದ ನೇರ ಅಲ್ಲಿಗೆ ಹೋದೆ.

ಜೀವಕ್ಕೆ ಅಪಾಯವಿಲ್ಲ ಎಂದು ಎರಡನೆಯ ದಿನವೇ ಹೇಳಿದರು. ಆದರೆ ಅಜ್ಜಿ ಮಾತಾಡುತ್ತಿರಲಿಲ್ಲ. ಡಾಕ್ಟರು, ನರ್ಸುಗಳು, ಪಕ್ಕದ ಮಂಚದವರು, ಯಾರು ಏನು ಕೇಳಿದರೂ ಅವರ ಮುಖವನ್ನೇ ನೋಡುತ್ತಿದ್ದಳು. ಮೊದಲ ಮೂರು ದಿನ ನಾವು ಮಾತಾಡಿಸಿದರೂ ಬಾಯಿ ತೆರೆಯಲಿಲ್ಲ, ಮಾತು ಹೋಯಿತು ಎಂದು ಎಲ್ಲರೂ ತಿಳಿದೆವು. ಅವ್ವ ಸೆರಗು ಬಾಯಿಗಿಟ್ಟುಕೊಂಡು ಕಾರಿಡಾರಿನಲ್ಲಿ ಕೂತಿದ್ದಳು.

ನಾಲ್ಕನೆಯ ದಿನ ನಾನೊಬ್ಬಳೇ ಹತ್ತಿರವಿದ್ದಾಗ ಅಜ್ಜಿ ಕಣ್ಣುಬಿಟ್ಟು, ಮೆಲ್ಲಗೆ, ತೊದಲುತ್ತ ಹೇಳಿದಳು: "ಬಾಯಿ ಒಣಗೈತೆ. ನೀರು ಕೊಡು."

ನಾನು ಡಾಕ್ಟರನ್ನು ಕರೆಯಲು ಓಡಿದೆ. ಆಕೆ ನನಗಿಂತ ಐದಾರು ವರ್ಷ ದೊಡ್ಡವಳಿರಬಹುದು. ಅಜ್ಜಿಯನ್ನು ತಮಿಳಿನಲ್ಲಿ ಮಾತಾಡಿಸಿದಳು. ಅಜ್ಜಿ ಮತ್ತೆ ಸುಮ್ಮನಾದಳು. ಮನೆಯಲ್ಲಿ ಯಾವ ಭಾಷೆ ಎಂದು ಡಾಕ್ಟರು ನನ್ನನ್ನು ಕೇಳಿದಳು. ಹೇಳಿದೆ. ಕೆಲವರಿಗೆ ಹೀಗಾಗುತ್ತದೆ, ಮೊದಲು ಕಲಿತ ಭಾಷೆ ಉಳಿದು ಆಮೇಲೆ ಕಲಿತದ್ದು ಹೋಗಿಬಿಡುತ್ತದೆ, ಮುಂದೆ ವಾಪಸ್ಸು ಬರಬಹುದು, ಬರದೆಯೂ ಇರಬಹುದು ಎಂದಳು. ಇನ್ನು ಮೇಲೆ ತಾನು ಕೇಳುವುದನ್ನೆಲ್ಲ ನೀನೇ ಕೇಳಿ ಹೇಳಬೇಕು ಎಂದೂ ಹೇಳಿದಳು.

ಮೊದಲ ಪ್ರಶ್ನೆಗೇ ಸಿಕ್ಕಿಬಿದ್ದೆ. ಕೈ ಜುಮ್ಮೆನ್ನುತ್ತದೆಯೇ, ಇರುವೆ ಹರಿದ ಹಾಗೆ ಆಗುತ್ತದೆಯೇ ಎಂದು ಕೇಳಬೇಕಿತ್ತು. ಅದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೋ ನನಗೆ ಗೊತ್ತಿರಲಿಲ್ಲ. ಅಜ್ಜಿಯ ಮುಂದೆ ನಿಂತು ನನ್ನ ತೋಳಿನ ಮೇಲೆ ಬೆರಳುಗಳನ್ನು ಓಡಿಸಿ ತೋರಿಸಿದೆ. ಅವಳು ಸ್ವಲ್ಪ ಹೊತ್ತು ನೋಡಿ, "ಜೋಮಾ?" ಎಂದಳು. "ಐತೆ. ಮೊಣಕೈ ತನಕ ಐತೆ."

ಅವಳಿಗೆ ಬೇರೆಯವರ ಮಾತು ಹೇಗೆ ಕೇಳುತ್ತಿದೆ ಎಂದು ಅಂದು ಮಧ್ಯಾಹ್ನ ವಿಚಾರಿಸಿದೆ. "ಪಕ್ಕದ ಮನೇಲಿ ಮಾತಾಡ್ದಂಗೆ," ಎಂದಳು. "ಕೇಳ್ತೈತೆ, ತಿಳ್ಯಾಕಿಲ್ಲ."

ಇಪ್ಪತ್ತು ದಿನದ ಮೇಲೆ ಮನೆಗೆ ಕರೆತಂದೆವು. ಬೀದಿಯ ಹೆಂಗಸರೆಲ್ಲ ಹಣ್ಣು, ಬ್ರೆಡ್ಡು ಹಿಡಿದು ಬಂದರು. ಒಬ್ಬೊಬ್ಬರೂ ಅವಳ ಕೈ ಹಿಡಿದು ತಮಿಳಿನಲ್ಲಿ ಸಂಕಟ ತೋಡಿಕೊಂಡರು. ಅಜ್ಜಿ ಮುಗುಳ್ನಕ್ಕು ನನ್ನ ಕಡೆ ನೋಡುತ್ತಿದ್ದಳು. ನಾನು ಆಚೆಯ ಮಾತನ್ನು ಈಚೆಗೂ ಈಚೆಯದನ್ನು ಆಚೆಗೂ ದಾಟಿಸುತ್ತಿದ್ದೆ. ನಡುವೆ ಮೂರನೆಯವಳೊಬ್ಬಳಿದ್ದರೆ ಹರಟೆ ಹರಟೆಯಾಗಿ ಉಳಿಯುವುದಿಲ್ಲ. ಬಂದವರು ಎರಡು ಮಾತಿನ ನಂತರ ಸುಮ್ಮನಾಗಿ, ಸ್ವಲ್ಪ ಹೊತ್ತು ಕೂತು, ಎದ್ದು ಹೋಗುತ್ತಿದ್ದರು. ಹದಿನೈದು ದಿನದಲ್ಲಿ ಜಗಲಿ ಖಾಲಿಯಾಯಿತು. ಅಜ್ಜಿ ಹೊರಗೆ ಕೂರುವುದನ್ನೇ ಬಿಟ್ಟಳು. ಗೋಡೆಯ ಕಡೆಗೆ ತಿರುಗಿ ಮಲಗುತ್ತಿದ್ದಳು. ಕೈಗಿಂತ, ಕಾಲಿಗಿಂತ ಇದು ಅವಳನ್ನು ಹೆಚ್ಚು ಹಣ್ಣು ಮಾಡಿತು.

ಬರುವುದನ್ನು ಬಿಡದವರು ಒಬ್ಬರೇ, ಪಕ್ಕದ ಮನೆಯ ಕೊಲುಸು ಪಾಟಿ. ತಮಿಳಿನಲ್ಲಿ ಪಾಟಿ ಅಂದರೆ ಅಜ್ಜಿ, ಕೊಲುಸು ಅಂದರೆ ಕಾಲಿನ ಬೆಳ್ಳಿಚೈನು. ಸೇಲಂನಿಂದ ಬಿಡಿ ಕೊಂಡಿಗಳನ್ನು ತಂದು ಮನೆಯಲ್ಲೇ ಜೋಡಿಸಿ ಕೊಡುವುದು ಅವರ ಕೆಲಸ, ಅದಕ್ಕೇ ಮಕ್ಕಳಾದ ನಾವು ಆ ಹೆಸರಿಟ್ಟಿದ್ದೆವು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಗಳು ಧರ್ಮಪುರಿಯಲ್ಲಿ. ಅಜ್ಜಿಗೆ ಅವರು ಮೂವತ್ತು ವರ್ಷದ ಗೆಳತಿ. ಅಜ್ಜಿಯನ್ನು ಅಕ್ಕಾ ಎನ್ನುತ್ತಿದ್ದರು.

ಪಾಟಿ ದಿನಾ ಮೂರು ಗಂಟೆಗೆ ತಮ್ಮ ತಟ್ಟೆ, ಚಿಮಟ ಹಿಡಿದು ಬಂದು ಅಜ್ಜಿಯ ಮಂಚದ ಪಕ್ಕ ನೆಲದ ಮೇಲೆ ಕೂತು ಕೊಂಡಿ ಜೋಡಿಸುತ್ತಿದ್ದರು. ಮಾತಿಲ್ಲ. ಐದಾದರೆ ಅಜ್ಜಿಯ ಕಾಲು ಮುಟ್ಟಿ ಸವರಿ ಎದ್ದು ಹೋಗುತ್ತಿದ್ದರು. ಒಂದು ವಾರ ಹೀಗೇ ನಡೆಯಿತು. ಆಮೇಲೆ ಒಂದು ದಿನ ಅಡುಗೆಮನೆಗೆ ಬಂದು, "ನೋವು ಎಲ್ಲಿದೆ" ಅನ್ನುವುದನ್ನು ನಿಮ್ಮ ಭಾಷೆಯಲ್ಲಿ ಹೇಗೆ ಹೇಳುವುದು ಎಂದು ನನ್ನನ್ನು ಕೇಳಿದರು. ಹೇಳಿಕೊಟ್ಟೆ. ಮರುದಿನ ಇನ್ನೆರಡು ಮಾತು ಕೇಳಿದರು. ಕ್ಯಾಲೆಂಡರಿನ ಹಳೆಯ ಹಾಳೆಗಳ ಹಿಂಭಾಗದಲ್ಲಿ ನಾನು ಕನ್ನಡದ ಮಾತುಗಳನ್ನು ತಮಿಳು ಅಕ್ಷರದಲ್ಲಿ ಬರೆದುಕೊಟ್ಟೆ. ಅವರು ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುತ್ತಿದ್ದರು. ಅರವತ್ತು ದಾಟಿದ ಹೆಂಗಸು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಪಾಠ ಒಪ್ಪಿಸುವುದು ನಮ್ಮ ಹಿತ್ತಲಿಗೆ ಕೇಳಿಸುತ್ತಿತ್ತು.

ನಾನು ಬರೆದುಕೊಡದ ಮಾತುಗಳನ್ನು ಅವರೇ ಊಹಿಸಿ ಕಟ್ಟುತ್ತಿದ್ದರು. ತಮಿಳಿನಲ್ಲಿ "ಎನ್ನ" ಅಂದರೆ ನಮ್ಮ "ಏನು". "ಎನ್" ಅಂದರೆ "ನನ್ನ". ಪಾಟಿ ಇವೆರಡನ್ನೂ ಒಂದೇ ಮಾಡಿಕೊಂಡರು. ಒಂದು ಮಧ್ಯಾಹ್ನ ತಟ್ಟೆ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, ಬಹಳ ಗಂಭೀರವಾಗಿ ಕೇಳಿದರು: "ಅಕ್ಕಾ, ಇವತ್ತು ನನ್ನ ತಿಂದ್ಯಾ?"

ಅಜ್ಜಿ ಗೋಡೆಯಿಂದ ಈ ಕಡೆ ತಿರುಗಿದಳು. ಪಾಟಿಯ ಮುಖವನ್ನು ನೋಡಿದಳು. ಆಮೇಲೆ ಅವಳ ಹೊಟ್ಟೆ ಕುಲುಕತೊಡಗಿತು.

"ನಿನ್ನ ತಿಂದ್ರೆ ನನ್ ಜೊತೆ ಮಾತಾಡೋಕೆ ಯಾರವ್ರೆ," ಎಂದಳು.

ನಾನು ಇದನ್ನು ತಮಿಳಿನಲ್ಲಿ ಹೇಳಿದೆ. ಪಾಟಿ ತಮ್ಮ ಹಣೆ ಚಚ್ಚಿಕೊಂಡು ನಕ್ಕರು. ಅವ್ವ ಒಲೆ ಬಿಟ್ಟು ಬಂದು ಬಾಗಿಲಲ್ಲಿ ನಿಂತು, ನಗುತ್ತಿರುವ ಅತ್ತೆಯನ್ನು ನೋಡಿದಳು. ಎರಡು ತಿಂಗಳಲ್ಲಿ ಅವಳು ಹಾಗೆ ನಕ್ಕದ್ದು ಅದೇ ಮೊದಲು.

ಅಲ್ಲಿಂದ ಅಜ್ಜಿ ತಾನೇ ಪಾಠಕ್ಕೆ ಇಳಿದಳು. ಪಾಟಿ ತಪ್ಪಿದರೆ ತಿದ್ದುತ್ತಿದ್ದಳು, ಸರಿಯಾಗಿ ಹೇಳಿದರೆ ಇನ್ನೊಂದು ಸಲ ಹೇಳಿಸುತ್ತಿದ್ದಳು. ಸುದ್ದಿ ಬೀದಿಗೆ ಹಬ್ಬಿ ಬೇರೆಯವರೂ ಒಂದೊಂದು ಮಾತು ಕಲಿತು ಬರತೊಡಗಿದರು. ಮಿಲ್ಲಿನ ಹೆಂಗಸರು ದಾರಿಯಲ್ಲಿ ಹೋಗುತ್ತ "ಅಜ್ಜಿ, ಚೆನ್ನಾಗಿದ್ದೀಯಾ" ಎಂದು ಕೂಗಿ ಹೋಗುತ್ತಿದ್ದರು. ಅಷ್ಟಕ್ಕೇ ಅವಳು ಕೋಲು ಹಿಡಿದು ಮತ್ತೆ ಜಗಲಿಗೆ ಬಂದು ಕೂತಳು.

ನಾನು ಕಲಿತದ್ದೂ ಆಗಲೇ. ಜೋಮು, ಸೆಳೆತ, ಬಳಲಿಕೆ, ಹಸಿವೆಯೇ ಇಲ್ಲದಿರುವುದು, ಇವಕ್ಕೆಲ್ಲ ನಮ್ಮ ಮಾತುಗಳನ್ನು ಅವಳ ಮಂಚದ ಹತ್ತಿರ ಕೂತು ಒಂದೊಂದಾಗಿ ತಿಳಿದುಕೊಂಡೆ. ಒಂದು ದಿನ ಅವಳ ತಲೆ ಬಾಚುತ್ತ ಬಸ್‌ಸ್ಟ್ಯಾಂಡಿನ ವಿಷಯ ತೆಗೆದೆ. ನಾನು ಹಾಗೆ ಹೇಳಬಾರದಿತ್ತು ಎಂದೆ.

"ಯಾವಾಗ್ಲೇ ಅದು?" ಎಂದಳು ಅಜ್ಜಿ. "ನಂಗೆ ಗ್ಯಾಪ್ಕ ಇಲ್ಲ. ಜಡೆ ಬಿಗಿಯಾಗಿ ಆಕು."

ನಿಜವಾಗಿ ಮರೆತಿದ್ದಳೋ, ನನಗಾಗಿ ಮರೆತಳೋ, ಇವತ್ತಿಗೂ ನನಗೆ ತಿಳಿಯದು.

ಮಾರನೆಯ ವರ್ಷ ಪಾಟಿಯ ಮೊಮ್ಮಗಳಿಗೆ ಧರ್ಮಪುರಿಯಲ್ಲಿ ಕಿವಿ ಚುಚ್ಚಿಸುವ ಕಾರ್ಯವಿತ್ತು. ಅಜ್ಜಿ ತಾನೂ ಹೋಗುತ್ತೇನೆಂದು ಹಟ ಹಿಡಿದಳು. ಅವ್ವ ಬೇಡವೆಂದಳು, ಕಾರು ಮಾಡೋಣ ಎಂದು ಅಪ್ಪ ಹೇಳಿದ. ಅವಳಿಗೆ ಕಾರು ಬೇಡ, ಬಸ್ಸೇ ಬೇಕು. ಕೊನೆಗೆ ಪಾಟಿ, ಅಜ್ಜಿ, ನಾನು ಮೂವರೂ ಓಮಲೂರಿನಲ್ಲಿ ಬಸ್ಸು ಹತ್ತಿದೆವು. ಸೀಟಿನಲ್ಲಿ ಕೂತು ಸೆರಗು ಸರಿಮಾಡಿಕೊಂಡ ಕೂಡಲೇ ಅಜ್ಜಿ ಕಿಟಕಿಯ ಪಕ್ಕದವಳನ್ನು, "ಯಾವೂರವ್ವ?" ಎಂದು ಕನ್ನಡದಲ್ಲೇ ಕೇಳಿದಳು. ಅವಳಿಗೆ ತಿಳಿಯಲಿಲ್ಲ. ಮುಂದಿನ ಸೀಟಿನವಳನ್ನು ಕೇಳಿದಳು. ಅವಳೂ ತಲೆಯಾಡಿಸಿದಳು. ತೊಪ್ಪೂರು ಘಾಟಿ ಹತ್ತುವಾಗ ಹಿಂದಿನ ಸೀಟಿನಿಂದ ಒಂದು ದನಿ ಬಂತು.

"ನಮ್ದು ಪೆನ್ನಾಗರದ ತಾವ ಕಣಮ್ಮ. ನಿಮ್ದು?"

ಧರ್ಮಪುರಿ ಬರುವವರೆಗೆ ಅಜ್ಜಿ ಕತ್ತು ಹಿಂದಕ್ಕೆ ತಿರುಗಿಸಿಕೊಂಡೇ ಇದ್ದಳು. ಕತ್ತು ಉಳುಕೀತೆಂದು ನಾನು ಸೀಟು ಬದಲಾಯಿಸಿಕೊಟ್ಟೆ. ಇಳಿಯುವಷ್ಟರಲ್ಲಿ ಆ ಹೆಂಗಸಿನ ಮಗನ ಹೆಂಡತಿ ಎಷ್ಟು ತಿಂಗಳ ಬಸುರಿ ಎಂಬುದು ನಮಗೆ ಗೊತ್ತಾಗಿತ್ತು.

ತಮಿಳು ಅವಳಿಗೆ ಪೂರ್ತಿ ವಾಪಸ್ಸು ಬರಲಿಲ್ಲ. ಎಣಿಕೆ ಬಂತು, ಕೆಲವು ತರಕಾರಿಗಳ ಹೆಸರು ಬಂದವು, ಮಕ್ಕಳನ್ನು ಗದರುವ ಒಂದೆರಡು ಮಾತು ಬಂದವು. ಅದರ ಮೇಲೆ ಮೂರು ವರ್ಷ ಇದ್ದಳು. ಒಂದು ಬೆಳಿಗ್ಗೆ ಗಂಜಿ ಕುಡಿದು, ಬಟ್ಟಲು ಅವ್ವನ ಕೈಗೆ ಕೊಟ್ಟು, ಸ್ವಲ್ಪ ಒರಗುತ್ತೇನೆ ಎಂದವಳು ಏಳಲಿಲ್ಲ. ಅಂದು ನಮ್ಮ ಬೀದಿ ಹಿಡಿಸದಷ್ಟು ಜನ. ನಮಗೆ ಗುರುತೇ ಇಲ್ಲದ ಎಷ್ಟೋ ಹೆಂಗಸರು, ಬಸ್ಸಿನಲ್ಲಿ ಪರಿಚಯ, ಬಸ್‌ಸ್ಟ್ಯಾಂಡಿನಲ್ಲಿ ಪರಿಚಯ ಎಂದು ಹೇಳಿಕೊಂಡು ಬಂದು ಅತ್ತರು. ಪಾಟಿ ಅಳಲಿಲ್ಲ. ಅಜ್ಜಿಯ ಕಾಲಿನ ಹತ್ತಿರ ಕೂತು ಕನ್ನಡದಲ್ಲೇ ಏನನ್ನೋ ಸಣ್ಣಗೆ ಹೇಳುತ್ತಿದ್ದರು. ನಾನು ಕೇಳಿಸಿಕೊಳ್ಳಲು ಹೋಗಲಿಲ್ಲ.

ಕನ್ನಡದ ಅಕ್ಷರಗಳನ್ನು ನಾನು ಆಮೇಲೆ, ಟೀಚರ್ ಕೆಲಸಕ್ಕೆ ಸೇರಿದ ಮೇಲೆ, ಫೋನಿನಲ್ಲಿ ನೋಡಿ ತಿದ್ದಿದೆ. ಮನೆಯಲ್ಲಿ ಕನ್ನಡ ಓದಲು ಬರುವವಳು ನಾನೊಬ್ಬಳೇ.

ಪಾಟಿ ಈಗ ಮಗಳ ಮನೆಯಲ್ಲಿ, ಧರ್ಮಪುರಿಯಲ್ಲಿದ್ದಾರೆ. ಕಣ್ಣು ಮಂಜಾಗಿ ಬೆಳ್ಳಿಯ ಕೆಲಸ ಬಿಟ್ಟಿದ್ದಾರೆ. ಕಳೆದ ಬೇಸಿಗೆ ರಜದಲ್ಲಿ ನೋಡಲು ಹೋಗಿದ್ದೆ. ದನಿ ಹಿಡಿದು ಗುರುತಿಸಿ, ನನ್ನ ಮುಖ ಸವರಿ, ಕನ್ನಡದಲ್ಲಿ ಮಾತಿಗೆ ಶುರುವಿಟ್ಟರು. ಅವರ ಮೊಮ್ಮಗಳು ಬೆರಗಾಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಮ್ಮ ಮಲ್ಲಿಗೆ ಗಿಡ, ಅವ್ವನ ಮಂಡಿ, ನನ್ನ ಶಾಲೆ, ಎಲ್ಲ ವಿಚಾರಿಸಿದರು. ಮಗಳಿಂದ ಮಾವಿನಹಣ್ಣು ಹೆಚ್ಚಿಸಿ ತರಿಸಿದರು. ಅವರ ಪಕ್ಕ ನೆಲದ ಮೇಲೆ ಕೂತು ಬಹಳ ಹೊತ್ತು ಮಾತಾಡಿದೆ. ನಾಲ್ಕು ಗಂಟೆಯ ಬಸ್ಸು ತಪ್ಪಿತು, ಐದೂವರೆಯದು ಹಿಡಿದೆ.