ಹೊನ್ನೂರನ ಬಿಳಿ ಅಂಗಿ, ಉಸ್ತಾದರ ಕರಿ ಗಾಡಿ

ಹೊನ್ನೂರಸಾಬ ಗ್ಯಾರೇಜಿಗೆ ಬಿಳಿ ಅಂಗಿ ಹಾಕಿಕೊಂಡು ಬರುತ್ತಿದ್ದ. ಇಸ್ತ್ರಿ ಮಾಡಿದ್ದು, ತೋಳು ಮೊಳಕೈವರೆಗೆ ಮಡಚಿದ್ದು. ಇಡೀ ದಿನ ಇಂಜಿನ್ ಬಿಚ್ಚಿ, ಚೈನು ತೊಳೆದು, ಸಂಜೆ ಮನೆಗೆ ಹೊರಡುವಾಗಲೂ ಅಂಗಿ ಬೆಳಿಗ್ಗೆ ಇದ್ದಂತೆಯೇ ಇರುತ್ತಿತ್ತು. ನಾನು ಬರೀ ಪಂಕ್ಚರ್ ತೆಗೆದರೂ ಮೂಗಿನ ತುದಿಯವರೆಗೆ ಕರಿ ಎಣ್ಣೆ. ನಮ್ಮವ್ವ ನನ್ನ ಬಟ್ಟೆಯನ್ನು ಕಲ್ಲಿನ ಮೇಲೆ ಬಡಿಯುತ್ತ ಕೇಳುತ್ತಿದ್ದಳು: "ಅವನೂ ಅದೇ ಗ್ಯಾರೇಜಿನ್ಯಾಗ ಅದಾನಲ್ಲೋ? ಅವನ ಅಂಗಿ ನೋಡು, ನಿನ್ನ ಅಂಗಿ ನೋಡು." ಹೆತ್ತ ತಾಯಿಯೇ ಹೀಗಂದರೆ ಊರವರಿಗೆ ಏನು ಹೇಳುವುದು? ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಒಂದು ಅಂಗಿಯಿಂದ.

ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದ ಗವಿಸಿದ್ದಪ್ಪ ಉಸ್ತಾದರ ಗ್ಯಾರೇಜಿಗೆ ನಾವಿಬ್ಬರೂ ಒಂದೇ ವಾರ ಸೇರಿದವರು. ನಾನು ಎರಡು ದಿನ ಮೊದಲು. ಈ ಎರಡು ದಿನದ ಹಿರಿತನವನ್ನು ನಾನು ಎಲ್ಲರಿಗೂ ಹೇಳುತ್ತಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೊನ್ನೂರ ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಕಿಕ್ ಹೊಡೆಯುವ ಮೊದಲು ಅದನ್ನು ಮಾತಾಡಿಸುತ್ತಿದ್ದ. "ಏನವ್ವಾ, ಎಲ್ಲಿ ನೋಯಾಕತ್ತೈತಿ?" ಗಿರಾಕಿಗಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನಾನು ಒಮ್ಮೆ ಅದೇ ಮಾತನ್ನು ಒಂದು ಸ್ಕೂಟರಿಗೆ ಕೇಳಿ ನೋಡಿದೆ. ಸ್ಕೂಟರಿನ ಯಜಮಾನ, "ನಿನಗೇನರ ಹುಷಾರಿಲ್ಲೇನಪಾ?" ಎಂದ.

ಕನಕಗಿರಿಯಿಂದ, ತಳಕಲ್ಲಿನಿಂದ ಅವನನ್ನೇ ಹುಡುಕಿಕೊಂಡು ಜನ ಬರುತ್ತಿದ್ದರು. ಒಂದು ಶುಕ್ರವಾರ ಮಧ್ಯಾಹ್ನ ತಳಕಲ್ಲಿನ ಒಬ್ಬ ಹಿರಿಯರು ಹೊಗೆ ಕಾರುವ ಗಾಡಿಯನ್ನು ತಳ್ಳಿಕೊಂಡು ಬಂದರು. "ಹೊನ್ನೂರ ಎಲ್ಲಿ?" ಎಂದರು.

"ನಮಾಜಿಗೆ ಹೋಗ್ಯಾನ್ರಿ. ನಾ ನೋಡ್ತೀನಿ ಕೊಡ್ರಿ."

"ಇರ್ಲಿ ಬಿಡಪಾ, ಬರ್ಲಿ ಅಂವ. ನಾ ಇಲ್ಲೇ ಕುಂತಿರ್ತೀನಿ."

ಕೂತರು. ಬಿಸಿಲಲ್ಲಿ, ಟಯರಿನ ಮೇಲೆ, ನನ್ನ ಎದುರಿಗೇ. ನನ್ನ ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಇತ್ತು, ಕೆಲಸ ಇರಲಿಲ್ಲ. ಹೊನ್ನೂರ ಬಂದವನೇ ಗಾಡಿಯನ್ನು ಒಂದು ಸುತ್ತು ನೋಡಿ, "ಇದು ನಮ್ಮ ಶರಣಪ್ಪನ ಕೈಕೆಲಸರೀ ಯಜಮಾನ್ರ, ನನಗಿಂತ ಛಲೋ ಮಾಡ್ತಾನ," ಎಂದು ನನ್ನ ಕಡೆ ತಳ್ಳಿದ. ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು.

ಒಂದೇ ಒಂದು ವಿಷಯದಲ್ಲಿ ನಾನು ಅವನಿಗಿಂತ ಮೇಲು. ನನ್ನ ಕಣ್ಣು. ಒಂದು ಕಣ್ಣು ಮುಚ್ಚಿ ನೋಡಿದರೆ ಯಾವ ಚಾಸಿ ಬಾಗಿದೆ, ಯಾವ ಗಾಲಿ ಓಲಾಡುತ್ತಿದೆ ಎಂದು ನನಗೆ ಗೊತ್ತಾಗಿಬಿಡುತ್ತಿತ್ತು. ಅಪಘಾತವಾದ ಗಾಡಿ ಬಂದರೆ ಉಸ್ತಾದರು, "ಶರಣ್ಯಾ, ಕಣ್ಣು ಹಾಕೋ," ಎಂದು ಕೂಗುತ್ತಿದ್ದರು. ಆ ಒಂದು ಕೂಗಿನ ಮೇಲೆ ನಾನು ವಾರಗಟ್ಟಲೆ ಬದುಕುತ್ತಿದ್ದೆ.

ಉಸ್ತಾದರ ಬಳಿ ಒಂದು ಕರಿ ಗಾಡಿ ಇತ್ತು. ಹಳೆಯದು, ಒಂಟಿ ಸಿಲಿಂಡರಿನದು, ಕಿಕ್ ಹೊಡೆದರೆ ಎದುರು ಮನೆಯ ಕೋಳಿಗಳೆಲ್ಲ ಹಾರುತ್ತಿದ್ದವು. ಅಮಾವಾಸ್ಯೆಗೊಮ್ಮೆ ಅದನ್ನು ತೊಳೆದು ಪೂಜೆಗೆ ನಿಲ್ಲಿಸುತ್ತಿದ್ದವನು ನಾನು. ಮುಂದೆ ಅದು ನನಗೇ ಎಂದು ಮನಸ್ಸಿನಲ್ಲಿ ಬರೆದುಕೊಂಡಿದ್ದೆ. ಮೊಣಕಾಲು ಕೈಕೊಟ್ಟು ಉಸ್ತಾದರು ಕೆಲಸ ಬಿಟ್ಟ ದಿನ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು: "ಶರಣ್ಯಾ, ಅಂಗಡಿ ನಿಂದು. ಹೊನ್ನೂರ, ಗಾಡಿ ನಿಂದು." ಊರೆಲ್ಲ ನನ್ನನ್ನು ಅದೃಷ್ಟವಂತ ಎಂದಿತು. ಅಂಗಡಿ, ಹತಾರ, ಗಿರಾಕಿ, ಎಲ್ಲ ನನಗೆ ಬಂದಿತ್ತು. ನನಗೆ ಮಾತ್ರ ಅವನ ಕೈಗೆ ಹೋದ ಕೀಲಿಯೊಂದೇ ಕಾಣುತ್ತಿತ್ತು.

ಹೊನ್ನೂರ ಗಂಗಾವತಿ ರಸ್ತೆಯ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ ಕೆಲಸಕ್ಕೆ ನಿಂತ. ತಿಂಗಳೊಳಗೆ ಸುದ್ದಿ ಬಂತು, ಅವನು ಕರಿ ಗಾಡಿಯನ್ನು ಕೊಯ್ಯುತ್ತಿದ್ದಾನೆ ಎಂದು. ಓಡಿಹೋಗಿ ನೋಡಿದೆ. ಗಾಡಿಯ ಹಿಂದಿನ ಅರ್ಧ ಇರಲೇ ಇಲ್ಲ. ಕುಲುಕು ತಡೆಯುವ ಶಾಕಪ್ ಎರಡೂ ಮೂಲೆಯಲ್ಲಿ ಬಿದ್ದಿದ್ದವು.

"ಬಾಬರ್ ಅಂತಾರ ದೋಸ್ತ ಇದಕ್ಕ," ಎಂದು ಮೊಬೈಲಿನಲ್ಲಿ ಫೋಟೋ ತೋರಿಸಿದ. "ಹಿಂದ ಶಾಕಪ್ಪೇ ಇರಂಗಿಲ್ಲ. ಚಾಸಿಯಿಂದ ಸೀದಾ ಗಾಲಿಗೆ ಪೈಪು. ತೆಳ್ಳಗ, ಕೆಳಗ, ಒಂದ ಸೀಟು. ಬ್ಯಾಡಾದ್ದೆಲ್ಲಾ ತಗದ್ರ ಏನ್ ಉಳೀತೈತಿ, ಅದ ಗಾಡಿ."

ನಾನು ಉಸ್ತಾದರ ಮನೆಗೆ ಚಾಡಿ ಹೇಳಲು ಹೋದೆ. "ಉಸ್ತಾದ್ರ, ಅಂವ ನಿಮ್ಮ ಗಾಡಿ ಕೊಯ್ದಾನ್ರಿ!" ಉಸ್ತಾದರು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ತಲೆ ಎತ್ತಿ, "ಕೊಯ್ದಾನ? ನೆಟ್ಟಗ ಕೊಯ್ದಾನೇನು?" ಎಂದು ಕೇಳಿದರು. ಚಹಾ ಕೂಡ ಕುಡಿಯದೆ ಎದ್ದು ಬಂದೆ.

ಆಮೇಲೆ ಒಂದು ದಿನ ಹೊನ್ನೂರ ನನ್ನ ಅಂಗಡಿಗೇ ಬಂದ. "ಕಣ್ಣು ಬೇಕಾಗ್ಯಾವ ದೋಸ್ತ. ನಡಿ," ಎಂದ.

ಶೆಡ್ಡಿನಲ್ಲಿ, ಅಕ್ಕಿ ಗಿರಣಿಯಿಂದ ತಂದ ಕಬ್ಬಿಣದ ತೊಲೆಗೆ ಗಾಡಿಯನ್ನು ಬಿಗಿದು ನಿಲ್ಲಿಸಿದ್ದ. ಹೊಸ ಪೈಪುಗಳನ್ನು ಅಲ್ಲಲ್ಲಿ ಚುಕ್ಕಿಯಂತೆ ವೆಲ್ಡ್ ಮಾಡಿ ತಾತ್ಕಾಲಿಕವಾಗಿ ಹಿಡಿಸಿದ್ದ, ಗಟ್ಟಿ ವೆಲ್ಡಿಂಗ್ ಮಾರನೆಯ ದಿನಕ್ಕೆ. ಎರಡು ಗಾಲಿಗಳು ಒಂದೇ ಸಾಲಿನಲ್ಲಿವೆಯೇ ಎಂದು ನೋಡಲು ಹಿಂದಿನ ಗಾಲಿಯಿಂದ ಮುಂದಿನ ಗಾಲಿಗೆ ಎರಡೂ ಬದಿಗೆ ದಾರ ಎಳೆಯಬೇಕು. ಅವನು ಹಿಂದೆ ದಾರ ಹಿಡಿದ, ನಾನು ಮುಂದೆ ಕೂತು ಒಂದು ಕಣ್ಣು ಮುಚ್ಚಿದೆ.

ಹಿಂದಿನ ಗಾಲಿ ಎಡಕ್ಕೆ ಹೋಗಿತ್ತು. ಬಹಳವಲ್ಲ, ಅರ್ಧ ಬೆರಳು. ಹಾಗೇ ವೆಲ್ಡ್ ಮಾಡಿದರೆ ಗಾಡಿ ಬದುಕಿರುವವರೆಗೂ ಎಡಕ್ಕೆ ಎಳೆಯುತ್ತದೆ. ಅವನ ಮೊಬೈಲಿನ ಫೋಟೋ ನೋಡಿ ಕುಣಿಯುತ್ತಿದ್ದ ಊರ ಹುಡುಗರೆಲ್ಲ, ಹೊನ್ನೂರ ಉಸ್ತಾದರ ಗಾಡಿ ಹಾಳು ಮಾಡಿದ ಎನ್ನುತ್ತಾರೆ. ನಾನು ಮಾಡಬೇಕಾದದ್ದು ಇಷ್ಟೇ, "ನೆಟ್ಟಗ ಐತಿ" ಎನ್ನುವುದು. ಎರಡು ಮಾತು. ಅವು ನಾಲಿಗೆಯ ಮೇಲೆ ಬಂದು ಕೂತಿದ್ದವು, ಬೆಲ್ಲದ ಹಾಗೆ.

"ಹೆಂಗೈತಿ?" ಎಂದು ಅವನು ಕೇಳಿದ. ನಾನು ದಾರದಿಂದ ಕಣ್ಣೆತ್ತಿ ಅವನ ಕಡೆ ನೋಡಿದೆ. ದಾರ ಅಲುಗೀತೆಂದು ಅವನು ಮಗ್ಗುಲಾಗಿ ನೆಲದ ಮೇಲೆ ಮಲಗಿಬಿಟ್ಟಿದ್ದ. ಕೆಳಗೆ ಎಣ್ಣೆ, ಕಬ್ಬಿಣದ ಪುಡಿ, ನಿನ್ನೆಯ ಬೂದಿ. ಬಿಳಿ ಅಂಗಿಯ ಒಂದು ಬದಿ ಪೂರ್ತಿ ಕಪ್ಪಾಗಿತ್ತು. ಅವನಿಗೆ ಅದರ ಖಬರೇ ಇರಲಿಲ್ಲ. ಎಷ್ಟು ವರ್ಷ ನಾನು ಆ ಅಂಗಿಯ ಮೇಲೆ ಒಂದು ಕಲೆ ಬೀಳಲಿ ಎಂದು ಕಾದಿದ್ದೆ! ಬಿದ್ದಾಗ ಖುಷಿಯಾಗಲಿಲ್ಲ. ಹೊಟ್ಟೆಕಿಚ್ಚು ಇನ್ನೂ ಹೆಚ್ಚಾಯಿತು. ಹೀಗೆ ಅಂಗಿ ಮರೆತು ಮಲಗುವಂಥದ್ದು ನನಗೆ ಏನೂ ಇರಲಿಲ್ಲ.

"ಎಡಕ್ಕ ಹೋಗೈತಿ," ಎಂದೆ.

"ಎಷ್ಟು?"

"ಅರ್ಧ ಬೆರಳು."

ಅವನು ಎದ್ದು ಬಂದು ನೋಡಲಿಲ್ಲ. ನಿಜವೇ ಎಂದು ಕೇಳಲಿಲ್ಲ. ಗ್ರೈಂಡರ್ ತೆಗೆದುಕೊಂಡು, ವಾರಗಟ್ಟಲೆ ಮಾಡಿದ ಕೆಲಸವನ್ನು ನನ್ನ ಒಂದು ಮಾತಿನ ಮೇಲೆ ಕೊಯ್ದು ಬಿಸಾಕಿದ. ಮತ್ತೆ ಹಿಡಿಸಿ, ಮತ್ತೆ ದಾರ ಎಳೆದು, ನಾನು "ಈಗ ಸರಿ" ಎಂದ ಮೇಲೆಯೇ ನಿಲ್ಲಿಸಿದ. ಮನೆಗೆ ಬಂದಾಗ ನನ್ನ ಅಂಗಿ ಸ್ವಚ್ಛವಾಗಿತ್ತು. ಅವ್ವ ನೋಡಿ, "ಇವತ್ತು ಅಂಗಡಿ ತಗೀಲಿಲ್ಲೇನು?" ಎಂದಳು.

ಗಾಡಿ ರಸ್ತೆಗಿಳಿದ ಮೇಲೆ ಕೊಪ್ಪಳಕ್ಕೆ ಬೇರೆ ಮಾತೇ ಇರಲಿಲ್ಲ. ಪೆಟ್ರೋಲ್ ಟಾಕಿ ಮುಂದೆ, ಸೈಕಲ್ ಸೀಟಿನಂಥ ಒಂದು ಸ್ಪ್ರಿಂಗ್ ಸೀಟು, ಹಿಂದೆ ಬರೀ ಗಾಲಿ. ಕುಷ್ಟಗಿಯಲ್ಲಿ ಪೊಲೀಸರು ಕೈ ಅಡ್ಡ ಹಾಕಿ ನಿಲ್ಲಿಸಿದರಂತೆ. ಸುದ್ದಿ ಕೇಳಿ ನಾನು ಮನಸ್ಸಿನಲ್ಲೇ ಸಕ್ಕರೆ ಹಂಚಿದೆ. ಆಮೇಲೆ ತಿಳಿಯಿತು, ಅವರು ಗಾಡಿಯ ಮೇಲೆ ಕೂತು ಫೋಟೋ ತೆಗೆಸಿಕೊಂಡು ಕಳಿಸಿದ್ದರು. ಯಲಬುರ್ಗಾ ರಸ್ತೆಯ ತಗ್ಗುಗಳಾದರೂ ಅವನ ಸೊಂಟ ಮುರಿಯಲಿ ಎಂದುಕೊಂಡೆ. ಅವನು ಸೊಂಟ ಹಿಡಿದುಕೊಂಡು ಇಳಿದು, "ರಸ್ತೆ ಏನ್ ಅಂತೈತಿ ಎಲ್ಲಾ ತಿಳೀತೈತೋ ದೋಸ್ತ!" ಎಂದು ನಗುತ್ತಿದ್ದ.

ಅದಕ್ಕಿಂತ ದೊಡ್ಡ ಕಾಟ ಬೇರೆ ಇತ್ತು. ಯಾರು ಹೊಗಳಿದರೂ ಅವನದು ಒಂದೇ ಮಾತು: "ಕೈ ಬಿಟ್ರೂ ನೆಟ್ಟಗ ಹೊಕ್ಕೈತ್ರಿ. ಅದು ನಮ್ಮ ಶರಣಪ್ಪನ ಕಣ್ಣು." ನೆಮ್ಮದಿಯಿಂದ ಹೊಟ್ಟೆ ಉರಿದುಕೊಳ್ಳುವುದಕ್ಕೂ ಅವನು ಬಿಡಲಿಲ್ಲ. ಸಿಕ್ಕಾಗಲೆಲ್ಲ ಕೀಲಿ ಮುಂದೆ ಹಿಡಿದು, "ಒಂದು ಸುತ್ತು ಹೊಡಿ," ಎನ್ನುತ್ತಿದ್ದ. ನಾನು ಒಮ್ಮೆಯೂ ಮುಟ್ಟಲಿಲ್ಲ. ಕೊಟ್ಟರೆ ಉಸ್ತಾದರು ಕೊಡಬೇಕಿತ್ತು.

ಹೋದ ಚಳಿಗಾಲದಲ್ಲಿ ಪುಣೆಯ ಕಡೆ ಇಂಥ ಗಾಡಿಗಳನ್ನೇ ಕಟ್ಟುವ ಒಬ್ಬರು ಅವನನ್ನು ಕರೆಸಿಕೊಂಡರು. ಹೊರಡುವ ಬೆಳಿಗ್ಗೆ ನನ್ನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ. ಹೊಸ ಬಿಳಿ ಅಂಗಿ. ಬೆನ್ನಿಗೆ ಒಂದು ಚೀಲ.

"ಬರ್ತೀನಿ ದೋಸ್ತ. ಈಗರ ಒಂದು ಸುತ್ತು ಹೊಡಿ," ಎಂದು ಕೀಲಿ ಚಾಚಿದ.

"ಕೆಲಸ ಐತಿ," ಎಂದೆ. ಅಂಗಡಿಯಲ್ಲಿ ಒಂದು ಗಾಡಿಯೂ ಇರಲಿಲ್ಲ. ಅವನು ಅದನ್ನು ನೋಡಿದ, ಕೀಲಿ ಹಿಂದಕ್ಕೆ ತೆಗೆದುಕೊಂಡ. ನನ್ನ ಎಣ್ಣೆಗೈಯನ್ನು ಹಿಡಿದು ಒಮ್ಮೆ ಅದುಮಿ, ಕಿಕ್ ಹೊಡೆದ. ಎದುರು ಮನೆಯ ಕೋಳಿಗಳು ಹಾರಿದವು.

ಊರ ಅಂಚಿನವರೆಗೆ ನಾನೂ ಬರುತ್ತೇನೆ ಎನ್ನಲು ಹಿಂದೆ ಸೀಟೇ ಇರಲಿಲ್ಲ. ರಸ್ತೆಯ ನಡುವೆ ಹೋಗಿ ನಿಂತೆ, ಒಂದು ಕಣ್ಣು ಮುಚ್ಚಿದೆ. ಎಲ್ಲಾದರೂ ಒಂದು ಕೂದಲೆಳೆಯಷ್ಟು ಸೊಟ್ಟ ಕಂಡರೆ ಕೂಗಿ ನಿಲ್ಲಿಸಬಹುದಿತ್ತು. ತಿರುವಿನವರೆಗೂ ನೋಡಿದೆ. ಮುಂದಿನ ಗಾಲಿ ಹಿಂದಿನ ಗಾಲಿಯ ಮರೆಯಲ್ಲಿ ಪೂರ್ತಿ ಅಡಗಿತ್ತು, ನಾನೇ ನಿಲ್ಲಿಸಿ ಕೊಟ್ಟ ಹಾಗೆ.