ಒಮ್ಮೆ ಆದವಳು

ಹುಲಿಕುಂಟೆಯ ರಾಧಾಮಣಿಗೆ ಎಂಟನೇ ವಯಸ್ಸಿನಲ್ಲಿ ಸೀತಾಳೆ ಸಿಡುಬು ಆಗಿತ್ತು. ಮದುವೆಯಾಗಿ ಬಂದಾಗ ಅತ್ತೆ ಹನುಮಕ್ಕ ಅದನ್ನು ಕೇಳಿ ತಿಳಿದುಕೊಂಡಳು. ಆಮೇಲೆ ನೆಂಟರಿಷ್ಟರಲ್ಲಿ ಯಾರಿಗೆ ಈ ‘ಅಮ್ಮ’ ಆದರೂ ಕರೆ ಅವಳಿಗೇ. ಬೇವಿನ ಸೊಪ್ಪು ಹಾಸಬೇಕು, ರಾಗಿ ಗಂಜಿ ಕುಡಿಸಬೇಕು, ಗುಳ್ಳೆಯ ನೀರು ಹತ್ತಿದ ಬಟ್ಟೆ ಬೇರೆಯಾಗಿ ಒಗೆಯಬೇಕು, ಪಥ್ಯಕ್ಕೆ ಒಗ್ಗರಣೆಯಿಲ್ಲದ ಸಾರು ಮಾಡಿ ಬೈಸಿಕೊಳ್ಳಬೇಕು. ಹದಿನಾರು ವರ್ಷದಲ್ಲಿ ಏಳು ಜನ.

ಈ ಮಾರ್ಚಿನಲ್ಲಿ ಮೈದುನ ಭೀಮರಾಜುವಿಗೆ ಆಯಿತು. ಡಾಕ್ಟರು ಮಾತ್ರೆ ಕೊಟ್ಟು, ಗುಳ್ಳೆ ಒಣಗುವವರೆಗೆ ಬೇರೆ ಕೋಣೆಯಲ್ಲಿಡಿ ಅಂದರು. ಮಾರನೇ ದಿನವೇ ಶಿರಾದಲ್ಲಿ ರಾಧಾಮಣಿಯ ಅಂಗನವಾಡಿ ಸಹಾಯಕಿ ಕೆಲಸಕ್ಕೆ ದಾಖಲೆ ಪರಿಶೀಲನೆ. ಖುದ್ದು ಹೋಗದಿದ್ದರೆ ಕೆಲಸ ಪಟ್ಟಿಯಲ್ಲಿನ ಮುಂದಿನವಳಿಗೆ.

"ನಿಂಗೆ ಆಗೋಗೈತೆ, ತಿರ್ಗ ಬರಾಕಿಲ್ಲ. ಇನ್ಯಾರು ನೋಡ್ಬೇಕು?" ಅಂದಳು ಹನುಮಕ್ಕ.

ಒಂಬತ್ತನೇ ಕ್ಲಾಸಿನ ಮಗಳು ಬಿಂದುಶ್ರೀ ಜಗುಲಿಯಲ್ಲಿ ಓದುತ್ತಿದ್ದಳು. ಅಜ್ಜಿಯ ಮಾತು ನಿಜವೇ ಎಂದು ತಾಯಿ ಕೇಳಿದಳು. ಬಹುಮಟ್ಟಿಗೆ ನಿಜ ಅಂದಳು ಮಗಳು. ವೈರಸ್ ಮೊದಲ ಸಲ ಒಳಹೊಕ್ಕಾಗ ರಕ್ತದ ಬಿಳಿಕಣಗಳಿಗೆ ಅದರ ಗುರುತು ಹಿಡಿಯಲು ದಿನಗಳೇ ಬೇಕು. ಅಷ್ಟರಲ್ಲಿ ಜ್ವರ, ಗುಳ್ಳೆ. ಆಮೇಲೆ ಅವು ಆ ವೈರಸ್ಸಿಗೇ ಅಂಟಿಕೊಳ್ಳುವ ಪ್ರತಿಕಾಯ ತಯಾರಿಸುತ್ತವೆ. ಕಾಯಿಲೆ ವಾಸಿಯಾದರೂ ಕೆಲವು ಕಣ ಆ ಗುರುತು ಇಟ್ಟುಕೊಂಡು ಉಳಿಯುತ್ತವೆ. ಮತ್ತೆ ಬಂದರೆ ತಡಮಾಡದೆ ತಡೆಯುತ್ತವೆ. ರೋಗನಿರೋಧಕ ಶಕ್ತಿ ಅಂದರೆ ಇದೇ.

"ಅದು ಹೆಂಗಸ್ರಿಗೆ ಮಾತ್ರನಾ?"

"ಇಲ್ಲಮ್ಮ. ಯಾರ್ಗೆ ಆಗಿರ್ತದೋ ಅವರ್ಗೆಲ್ಲ."

ರಾಧಾಮಣಿ ಗಂಡ ಅಂಬರೀಶನ ಕಡೆ ತಿರುಗಿದಳು. ಅವನ ಹುಬ್ಬಿನ ಮೇಲೆ ಎರಡು ಕುಳಿ, ಹನ್ನೆರಡನೇ ವಯಸ್ಸಿನವು.

"ನಿಮ್ಗೂ ಆಗೈತಲ್ಲ. ನಾಳೆ ಒಂದಿನ ನಿಮ್ಮ ತಮ್ಮನ್ನ ನೀವು ನೋಡ್ಕಳ್ಳಿ."

ಹನುಮಕ್ಕ ನಕ್ಕಳು. "ಗಂಡಸು ಗಂಜಿ ಕಾಯ್ಸಿದ್ರೆ ಅಮ್ಮ ಮುನಿಸ್ಕೊಂತಾಳೆ ಕಣಮ್ಮ." ಅಂಬರೀಶ ಮೊಬೈಲಿನಿಂದ ತಲೆ ಎತ್ತಲಿಲ್ಲ.

ಬೆಳಗ್ಗೆ ರಾಧಾಮಣಿಯೇ ಗಂಜಿ ಕಾಯಿಸಿಟ್ಟು, ಮಾತ್ರೆಯ ಹೊತ್ತು ಬರೆದಿಟ್ಟು, ಬಸ್ ಹತ್ತಿದಳು. ಕಚೇರಿಯ ಸಾಲಿನಲ್ಲಿದ್ದಾಗ ಅಂಬರೀಶನ ಫೋನ್ ಬಂತು. ಏನೂ ಯೋಚನೆ ಮಾಡಬೇಡ ಅಂದ, ಹಗುರಾದ ದನಿಯಲ್ಲಿ. "ಹಿಂದಿನ್ಮನೆ ಲಕ್ಕಮ್ಮಂಗೂ ಆಗಿತ್ತಂತೆ. ಕರ್ಕಂಬಂದೀನಿ."

ಲಕ್ಕಮ್ಮ ಹುಣಸೆಹಣ್ಣು ಬಿಡಿಸುವ ಕೂಲಿಯವಳು. ವರ್ಷದಲ್ಲಿ ಆ ಕೆಲಸ ಸಿಗುವುದೇ ಈ ಕೆಲವು ವಾರ. ರಾಧಾಮಣಿ ಅದನ್ನು ಹೇಳಿದರೆ, ಅಕ್ಕಪಕ್ಕದವರು ಅಷ್ಟೂ ಮಾಡಲ್ಲವೇ ಅಂದ.

"ಅವಳನ್ನ ಕೂಲಿಗೆ ಕಳ್ಸಿ. ಗಂಜಿ ಲೋಟ ನೀವು ಹಿಡ್ಕಳ್ಳಿ."

ಅವಳು ಫೋನ್ ಇಟ್ಟಳು. ಒಳಗೆ ಅವಳ ಹೆಸರನ್ನು ಎರಡನೇ ಸಲ ಕೂಗಿದರು. ರಾಧಾಮಣಿ ಹೋಗಿ ಕಾಗದಗಳನ್ನು ಹಿಂದುಮುಂದಾಗಿ ಕೊಟ್ಟು, ಗುಮಾಸ್ತೆಯಿಂದ ಬೈಸಿಕೊಂಡಳು.